ಪೌಲನ ಆತ್ಮಶ್ಲಾಘೆಯೂ ಧರ್ಮವೀರರಸವೂ

ಧೀರೋದಾತ್ತನಾದ ನಾಯಕನಿಗೆ ದಶರೂಪಕಕಾರನಾದ ಧನಂಜಯನು ವಿಧಿಸಿರುವ ಗುಣಗಳಲ್ಲಿ ಅವಿಕತ್ಥನತ್ವವೂ ಒಂದು. ಮಹಾಸತ್ತ್ವ, ಗಾಂಭೀರ್ಯ, ಕ್ಷಮೆ, ಸ್ಥೈರ್ಯ, ದೃಢವ್ರತ ಎಂಬಿವುಗಳ ಜೊತೆಯಲ್ಲಿಯೇ, ತನ್ನನ್ನು ತಾನು ಹೊಗಳಿಕೊಳ್ಳದಿರುವುದನ್ನೂ, ಅಹಂಕಾರವಿದ್ದರೂ ಅದನ್ನು ವಿನಯದಿಂದ ಮರೆಯಿಸುವುದನ್ನೂ ಅವನು ಎಣಿಸಿದ್ದಾನೆ. ವಿಕತ್ಥನವಾದರೋ ಧೀರೋದ್ಧತನ ಲಕ್ಷಣ. ಪರಶುರಾಮ ರಾವಣಾದಿಗಳ ಬಾಯಲ್ಲಿ ಸಲ್ಲತಕ್ಕುದು. ಈ ಅಳತೆಗೋಲನ್ನು ಹಿಡಿದು ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿರುವ ಪೌಲನ ಪತ್ರಿಕೆಗಳನ್ನು ಓದತೊಡಗಿದವನಿಗೆ, ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಕಡೆಯ ನಾಲ್ಕು ಅಧ್ಯಾಯಗಳಲ್ಲಿ ದೊಡ್ಡದೊಂದು ತೊಡಕು ಎದುರಾಗುವುದು. ಅಲ್ಲಿ ಒಬ್ಬ ಧರ್ಮೋಪದೇಶಕನು ತನ್ನ ಕಷ್ಟಗಳನ್ನು ತಾನೇ ಲೆಕ್ಕಹಾಕಿ ಸಭೆಯ ಮುಂದೆ ಹೇಳಿಕೊಳ್ಳುತ್ತಾನೆ; ಹೊಗಳಿಕೊಳ್ಳುತ್ತಿದ್ದೇನೆಂಬುದನ್ನು ಮುಚ್ಚುವುದೂ ಇಲ್ಲ. ಗ್ರೀಕಿನಲ್ಲಿ ಆತ್ಮಶ್ಲಾಘೆಯನ್ನು ಸೂಚಿಸುವ ಕೌಖಾಒಮಾಯ್ ಎಂಬ ಕ್ರಿಯಾಪದವೂ ಅದರಿಂದಾದ ನಾಮಪದಗಳೂ ಹೊಸ ಒಡಂಬಡಿಕೆಯಲ್ಲಿ ಎಷ್ಟು ಸಲ ಬಂದಿವೆಯೋ ಅದರಲ್ಲಿ ಅರ್ಧದಷ್ಟು ಈ ಒಂದು ಪತ್ರಿಕೆಯಲ್ಲಿಯೇ ಬಂದಿವೆ. ಇದು ದೋಷವೇ, ಗುಣವೇ? ದೋಷವೆಂದರೆ, ಕಷ್ಟಗಳ ನಡುವೆಯೂ ತನ್ನ ಸೇವೆಯನ್ನು ಬಿಡದ ಉಪದೇಶಕನ ಆದರ್ಶವೆಂದು ಎರಡು ಸಾವಿರ ವರ್ಷಗಳಿಂದ ಓದಲ್ಪಟ್ಟಿರುವ ಈ ಬರೆಹವು ತನ್ನ ನಾಯಕನನ್ನೇ ಕೆಡಿಸಿದಂತಾಗುವುದು. ಗುಣವೆಂದರೆ, ಅದು ಹೇಗೆಂಬುದನ್ನು ತೋರಿಸಬೇಕು.

ಪತ್ರಿಕೆಯು ಕಾವ್ಯವಲ್ಲ, ಅದರಲ್ಲಿ ರಸವಿಚಾರವೇಕೆ ಎಂಬ ಆಕ್ಷೇಪಕ್ಕೆ ಹೆಚ್ಚು ಕಾಲ ನಿಲ್ಲಬೇಕಾಗಿಲ್ಲ. ಪೌಲನ ಪತ್ರಿಕೆಗಳು ಒಬ್ಬನು ಮೂಲೆಯಲ್ಲಿ ಕುಳಿತು ಓದಿಕೊಳ್ಳಲೆಂದು ಹುಟ್ಟಿದವಲ್ಲ. ಕೂಡಿದ ಸಭೆಯಲ್ಲಿ ಗಟ್ಟಿಯಾಗಿ ಓದಿಸಲೆಂದು ಕಳುಹಿಸಿದವು. ಕೇಳುವವರಲ್ಲಿ ಕೆಲವರು ಮಿತ್ರರು, ಕೆಲವರು ಸಂದೇಹಿಗಳು, ಕೆಲವರು ವಿರೋಧಿಗಳ ಮಾತಿಗೆ ಒಲಿದವರು. ಹೀಗೆ ಶ್ರವ್ಯವಾಗಿ, ಸಾಮಾಜಿಕರ ಚಿತ್ತವನ್ನು ತಿರುಗಿಸುವ ಉದ್ದೇಶದಿಂದ ರಚಿತವಾದ ವಾಕ್ಯಸಮೂಹದಲ್ಲಿ ರಸದ ಪ್ರಶ್ನೆಯನ್ನೆತ್ತುವುದು ಅನುಚಿತವೆನ್ನಲಾಗದು.

ಸಂದರ್ಭವನ್ನು ಮೊದಲು ತಿಳಿಯಬೇಕು. ಕೊರಿಂಥವು ಗ್ರೀಸಿನ ಎರಡು ಭಾಗಗಳನ್ನು ಕೂಡಿಸುವ ಇಕ್ಕಟ್ಟಾದ ಭೂಸಂಧಿಯ ಬಳಿ, ಲೆಖಾಯೊನ್ ಕೆಂಖ್ರೆಯ ಎಂಬ ಎರಡು ರೇವುಗಳ ನಡುವೆ ಇದ್ದ ಪಟ್ಟಣ. ಕ್ರಿ. ಪೂ. 146ರಲ್ಲಿ ರೋಮನರು ಅದನ್ನು ನೆಲಸಮ ಮಾಡಿದರು, ಕ್ರಿ. ಪೂ. 44ರಲ್ಲಿ ಜೂಲಿಯಸ್ ಸೀಸರನ ಆಜ್ಞೆಯಿಂದ ಅದು ರೋಮನ್ ವಸಾಹತಾಗಿ ಮತ್ತೆ ಎದ್ದಿತು. ಹಳೆಯ ಮನೆತನಗಳ ಊರಲ್ಲ; ವ್ಯಾಪಾರದಿಂದ ಹೊಸದಾಗಿ ಮೇಲೆ ಬಂದವರ ಊರು. ಇಂಥಲ್ಲಿ ವಾಗ್ಮಿತೆಗೂ ದೇಹಠೀವಿಗೂ ಪ್ರತಿಷ್ಠಿತರ ಶಿಫಾರಸು ಪತ್ರಗಳಿಗೂ ಬೆಲೆ ಹೆಚ್ಚೆಂಬುದು ಸಹಜ. ಪೌಲನು ಕ್ರಿ. ಶ. 50ರ ಸುಮಾರಿಗೆ ಅಲ್ಲಿಗೆ ಹೋಗಿ ಒಂದೂವರೆ ವರ್ಷ ನೆಲಸಿ ಸಭೆಯನ್ನು ಸ್ಥಾಪಿಸಿದನೆಂದು ‘ಅಪೊಸ್ತಲರ ಕೃತ್ಯಗಳು’ ಎಂಬ ಗ್ರಂಥದಿಂದ ತಿಳಿದುಬರುವುದು. ಆ ಕಾಲದಲ್ಲಿ ಅಲ್ಲಿ ಅಧಿಪತಿಯಾಗಿದ್ದ ಗಲ್ಲಿಯೋನನ ಹೆಸರು ಡೆಲ್ಫಿಯಲ್ಲಿ ದೊರೆತ ಶಾಸನವೊಂದರಲ್ಲಿ ಇರುವುದರಿಂದ ಈ ಕಾಲನಿರ್ಣಯಕ್ಕೆ ಬಲವಾದ ಆಧಾರವಿದೆ. ಅಲ್ಲಿರುವಾಗ ಪೌಲನು ಡೇರೆ ಮಾಡುವ ಕಸುಬಿನಿಂದ ಹೊಟ್ಟೆ ಹೊರೆದುಕೊಂಡನು. ಕೊರಿಂಥದವರಿಂದ ಸಂಭಾವನೆ ಮುಟ್ಟಲಿಲ್ಲ. ಕೊರತೆ ಬಿದ್ದಾಗ ಮಕೆದೋನ್ಯದಿಂದ ಬಂದ ಸಹೋದರರು ಅದನ್ನು ತುಂಬಿಕೊಟ್ಟರು.

ಈ ಕೈಕಸುಬೇ ಮುಂದೆ ಅವನ ಮೇಲೆ ತಿರುಗಿತು. ಅವನು ಊರು ಬಿಟ್ಟ ಮೇಲೆ ಬೇರೆ ಉಪದೇಶಕರು ಬಂದರು. ತಮ್ಮ ಕುಲ, ತಮ್ಮ ವಾಗ್ವೈಖರಿ, ತಮ್ಮ ಪ್ರಶಂಸಾಪತ್ರಗಳನ್ನು ಮುಂದಿಟ್ಟರು. ಪೌಲನ ಪತ್ರಿಕೆಗಳಲ್ಲಿ ಮಾತ್ರ ಗುಡುಗು, ಎದುರಿಗೆ ಬಂದರೆ ಆಳು ದುರ್ಬಲ, ಮಾತು ಕೇಳಲು ಯೋಗ್ಯವಲ್ಲ ಎಂಬ ಅಪವಾದ ಹಬ್ಬಿತು. ಸಂಭಾವನೆ ತೆಗೆದುಕೊಳ್ಳದಿರುವುದೂ ಅಪರಾಧವಾಯಿತು: ನಿಜವಾದ ಅಪೊಸ್ತಲನಾಗಿದ್ದರೆ ಕೂಲಿಯವನ ಹಾಗೆ ದುಡಿಯುತ್ತಿದ್ದನೇ ಎಂಬುದು ಅವರ ತರ್ಕ. ಹೀಗೆ ನೋಡಿದರೆ ಪೌಲನನ್ನು ಬಾಧಿಸಿದ ಕಷ್ಟಗಳಲ್ಲಿ ಅತ್ಯಂತ ನೋವಿನದು ಹೊರಗಿನಿಂದ ಬಂದುದಲ್ಲ. ಕೊರಡೆ ಬೀಸಿದವರು ಅನ್ಯರು. ಇಲ್ಲಿ ಮುಖ ತಿರುಗಿಸಿದವರು ಅವನೇ ಹೆತ್ತಂತೆ ಬೆಳೆಯಿಸಿದ ಸಭೆಯವರು. ಕ್ರಿ. ಶ. 55-56ರ ಸುಮಾರಿನಲ್ಲಿ ಮಕೆದೋನ್ಯದಿಂದ ಬರೆದ ಈ ಪತ್ರಿಕೆಯಲ್ಲಿ ಆ ಎರಡನೆಯ ಬಗೆಯ ನೋವೇ ಆದ್ಯಂತವಾಗಿ ಹರಿದಿದೆ.

ಈಗ ಪ್ರಕೃತಕ್ಕೆ ಬರಬಹುದು. 11ನೆಯ ಅಧ್ಯಾಯದಲ್ಲಿ ಪೌಲನು ಹೊಗಳಿಕೆಗೆ ತೊಡಗುವ ಮೊದಲು ಒಂದು ವೇಷವನ್ನು ಹಾಕಿಕೊಳ್ಳುತ್ತಾನೆ. ತಾನು ಬುದ್ಧಿಹೀನನ ಮಾತನ್ನು ಆಡಲಿರುವೆನೆಂದೂ, ಇದು ಕರ್ತನು ಒಪ್ಪುವ ರೀತಿಯದಲ್ಲವೆಂದೂ, ಆದರೂ ಬುದ್ಧಿವಂತರಾದ ಕೇಳುಗರು ಮೂಢರನ್ನು ಸಹಿಸಿಕೊಂಡು ಅಭ್ಯಾಸವುಳ್ಳವರಾದುದರಿಂದ ತನ್ನನ್ನೂ ಸಹಿಸಬೇಕೆಂದೂ ಪೀಠಿಕೆ ಹಾಕುತ್ತಾನೆ. ಇದರಲ್ಲಿ ವಿಪರೀತಲಕ್ಷಣೆಯ ಚುಚ್ಚು ಸ್ಪಷ್ಟವಾಗಿದೆ. ನಾಟಕಗಳಲ್ಲಿ ರಾಜನು ಹೇಳಲಾಗದುದನ್ನು ವಿದೂಷಕನು ಹೇಳುವುದುಂಟು. ಇಲ್ಲಿ ನಾಯಕನೇ ವಿದೂಷಕನ ಟೊಪ್ಪಿಗೆಯನ್ನು ತೊಟ್ಟು, ಗಂಭೀರವಾಗಿ ಹೇಳಿದರೆ ಅನುಚಿತವಾಗುವುದನ್ನು ಆ ಟೊಪ್ಪಿಗೆಯ ಮರೆಯಲ್ಲಿ ಹೇಳುತ್ತಾನೆ. ಆದುದರಿಂದ ವಿಕತ್ಥನವು ವಕ್ತೃವಿನ ಸ್ವಭಾವವಲ್ಲ, ವಕ್ತೃವು ಧರಿಸಿದ ಭೂಮಿಕೆ ಎಂಬ ಮೊದಲ ಸಮಾಧಾನವು ದೊರೆಯುವುದು. ಆದರೆ ಇದು ಪೂರ್ಣ ಸಮಾಧಾನವಲ್ಲ. ವೇಷ ಹಾಕಿ ಹೊಗಳಿಕೊಂಡರೂ ಹೊಗಳಿಕೆ ಹೊಗಳಿಕೆಯೇ. ಹೊಗಳಿದ್ದು ಏನನ್ನು ಎಂಬುದನ್ನು ನೋಡಬೇಕು.

ಮೊದಲು ಅವನು ಎದುರಾಳಿಗಳ ಮಟ್ಟಕ್ಕೇ ಇಳಿದು ಸರಿಗಟ್ಟುತ್ತಾನೆ: ಕುಲದಲ್ಲಿ ಭಾಷೆಯಲ್ಲಿ ಪಿತೃಪರಂಪರೆಯಲ್ಲಿ ಅವರೇನೋ ತಾನೂ ಅದೇ. ಕ್ರಿಸ್ತನ ಸೇವಕರೇ ಎಂಬ ಪ್ರಶ್ನೆಗೆ ಬಂದೊಡನೆ, ತಾನು ಅವರಿಗಿಂತ ಹೆಚ್ಚಿನವನೆಂದು ಹೇಳಿ, ಆ ಹೆಚ್ಚುಗಾರಿಕೆಯ ಪ್ರಮಾಣಗಳನ್ನು ಕೊಡತೊಡಗುತ್ತಾನೆ. ಆ ಕಾಲದ ರೋಮನ್ ಲೋಕದಲ್ಲಿ ಹಿರಿಯರ ಸಾಧನೆಗಳ ಪಟ್ಟಿಯೆಂದರೆ ಗೆದ್ದ ಯುದ್ಧಗಳು, ಕಟ್ಟಿಸಿದ ಗುಡಿಗಳು, ಹಂಚಿದ ಹಣ. ಚಕ್ರವರ್ತಿಯಾದ ಅಗಸ್ಟಸನು ತನ್ನ ಕೃತ್ಯಗಳನ್ನು ಉತ್ತಮಪುರುಷದಲ್ಲಿಯೇ ಅಂಕೆಸಂಖ್ಯೆಗಳೊಡನೆ ಬರೆಯಿಸಿದ ಶಾಸನವು ಇಂದಿಗೂ ಅಂಕಾರಾ ನಗರದ ದೇವಾಲಯದ ಗೋಡೆಯ ಮೇಲಿದೆ. ಪೌಲನೂ ಅಂಕೆಗಳನ್ನು ಕೊಡುತ್ತಾನೆ. ಯೆಹೂದ್ಯರಿಂದ ಐದು ಸಲ ಒಂದು ಕಡಿಮೆ ನಲವತ್ತು ಏಟು. ಮೂರು ಸಲ ಬೆತ್ತದ ಹೊಡೆತ. ಒಂದು ಸಲ ಕಲ್ಲೇಟು. ಮೂರು ಸಲ ಹಡಗು ಒಡೆದದ್ದು. ಒಂದು ಹಗಲು ಒಂದು ಇರುಳು ನಡುಗಡಲಿನಲ್ಲಿ ಕಳೆದದ್ದು. ಸಾಧನೆಗಳ ಪಟ್ಟಿಯ ರೂಪವೆಲ್ಲವೂ ಇದೆ. ಒಳಗೆ ಮಾತ್ರ ಸಾಧನೆ ಒಂದೂ ಇಲ್ಲ, ಎಲ್ಲವೂ ಸೋಲು. ನಲವತ್ತಕ್ಕೆ ಒಂದು ಕಡಿಮೆಯೇಕೆಂದರೆ, ಮೋಶೆಯ ಶಾಸ್ತ್ರವು ನಲವತ್ತನ್ನು ಮೀರಬಾರದೆಂದು ವಿಧಿಸಿರುವುದರಿಂದ, ಎಣಿಕೆ ತಪ್ಪಿ ಮೀರೀತೆಂಬ ಭಯದಿಂದ ಒಂದನ್ನು ಬಿಡುವ ಸಂಪ್ರದಾಯ. ಐದು ಸಲವೆಂದರೆ ನೂರತೊಂಬತ್ತೈದು ಏಟು. ಇನ್ನೊಂದು ಮಾತು: ಈ ಶಿಕ್ಷೆಯು ಸಭಾಮಂದಿರದ ಶಿಸ್ತಿಗೆ ಒಳಪಟ್ಟವನಿಗೆ ಮಾತ್ರ ಸಲ್ಲುವಂಥದು. ಆ ಸಮಾಜವನ್ನು ತೊರೆದುಬಿಟ್ಟಿದ್ದರೆ ಏಟು ತಪ್ಪುತ್ತಿತ್ತು. ಐದು ಸಲ ಬೆನ್ನು ಕೊಟ್ಟನೆಂದರೆ ಐದು ಸಲವೂ ತನ್ನ ಜನರ ಬಳಿಗೆ ಮರಳಿ ಹೋದನೆಂದು ಅರ್ಥ. ಅವನದನ್ನು ಬಾಯಿಬಿಟ್ಟು ಹೇಳಿಲ್ಲ, ಸಂಖ್ಯೆಯೇ ಧ್ವನಿಸುತ್ತದೆ.

ಇಲ್ಲಿ ಐತಿಹಾಸಿಕರೂ ಗಮನಿಸತಕ್ಕ ಅಂಶವೊಂದುಂಟು. ಪೌಲನ ಸಂಚಾರಗಳನ್ನು ವಿಸ್ತಾರವಾಗಿ ಹೇಳುವ ‘ಅಪೊಸ್ತಲರ ಕೃತ್ಯ’ಗಳಲ್ಲಿ ಬೆತ್ತದ ಹೊಡೆತದ ಪ್ರಸಂಗ ಒಂದೇ, ಫಿಲಿಪ್ಪಿಯಲ್ಲಿ ನಡೆದದ್ದು; ಕಲ್ಲೇಟಿನದೊಂದು, ಲುಸ್ತ್ರದಲ್ಲಿ. ಸಭಾಮಂದಿರದ ಐದು ಶಿಕ್ಷೆಗಳಲ್ಲಿ ಒಂದರ ಸುದ್ದಿಯೂ ಇಲ್ಲ. ಹಡಗು ಒಡೆದ ಪ್ರಸಿದ್ಧ ವೃತ್ತಾಂತವೊಂದು ಅಲ್ಲಿದೆ. ಆದರೆ ಅದು ಈ ಪತ್ರಿಕೆ ಬರೆದ ಮೇಲೆ, ಅವನನ್ನು ಸೆರೆಯಾಳಾಗಿ ರೋಮಿಗೆ ಒಯ್ಯುವಾಗ ಆದದ್ದು. ಹಿಂದಿನ ಮೂರು ಸಲದ ಕಥೆ ಯಾರಿಗೂ ಗೊತ್ತಿಲ್ಲ. ಇದರಿಂದ ಊಹಿಸಬಹುದಾದದ್ದು ಇಷ್ಟು: ಪೌಲನು ಇವನ್ನು ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದವನಲ್ಲ. ತಿರುಗಿದ್ದರೆ ಅವನ ಚರಿತ್ರೆಯನ್ನು ಬರೆದವನ ಕಿವಿಗೆ ಇನ್ನೂ ನಾಲ್ಕು ಬೀಳುತ್ತಿದ್ದುವು. ಎದುರಾಳಿಗಳು ಬಲವಂತಪಡಿಸಿದ ಒಂದು ಘಳಿಗೆಯಲ್ಲಿ ಗಂಟು ಬಿಚ್ಚಿತು. ಒಂದೇ ಸಲ ಬಿಚ್ಚಿ ಮತ್ತೆ ಕಟ್ಟಲ್ಪಟ್ಟಿತು.

ಪಟ್ಟಿಯು ಮುಂದೆ ನದಿ, ಕಳ್ಳರು, ಸ್ವಜನ, ಪರಜನ, ಪಟ್ಟಣ, ಅಡವಿ, ಸಮುದ್ರ, ಸುಳ್ಳು ಸಹೋದರರು ಎಂದು ಎಂಟು ಅಪಾಯಗಳನ್ನು, ‘ಅಪಾಯ’ವೆಂಬ ಒಂದೇ ಪದವನ್ನು ಪ್ರತಿಸಲವೂ ಆವರ್ತಿಸುತ್ತ ಹೇಳುವುದು. ಎಂಟನೆಯದಾಗಿ ಸುಳ್ಳು ಸಹೋದರರನ್ನು ಇಟ್ಟಿರುವುದರ ಮರ್ಮವನ್ನು ಕೊರಿಂಥದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಳಿಕ ಹಸಿವು, ಬಾಯಾರಿಕೆ, ಚಳಿ, ನಿದ್ದೆಗೇಡು. ಎಲ್ಲಕ್ಕೂ ಮೇಲೆ, ದಿನದಿನವೂ ಎಲ್ಲ ಸಭೆಗಳ ಚಿಂತೆ. ಇಲ್ಲಿಗೆ ಆರೋಹವು ತುದಿ ಮುಟ್ಟಿತು. ದೇಹದಿಂದ ಹೊರಟು ಮನಸ್ಸಿಗೆ ಬಂದು, ತನ್ನಿಂದ ಹೊರಟು ಇತರರಿಗೆ ಬಂದು ನಿಂತಿತು. ದೇವರನ್ನು ಸಾಕ್ಷಿಗೆ ಕರೆದು, ಹೇಳಿದ್ದು ಸುಳ್ಳಲ್ಲವೆಂಬ ಆಣೆಯೂ ಆಯಿತು. ಪ್ರಕರಣ ಮುಗಿದಂತೆಯೇ.

ಆದರೆ ಮುಗಿಯಲಿಲ್ಲ. ಆಣೆಯಾದ ಮೇಲೆ ಎರಡು ವಾಕ್ಯಗಳಲ್ಲಿ ಇನ್ನೊಂದು ಸುದ್ದಿ: ದಮಸ್ಕದಲ್ಲಿ ಅರೇತ ರಾಜನ ಅಧಿಕಾರಿಯು ತನ್ನನ್ನು ಹಿಡಿಯಲೆಂದು ಊರಿಗೆ ಕಾವಲಿಟ್ಟಾಗ, ಗೋಡೆಯ ಕಿಂಡಿಯೊಳಗಿಂದ ಒಂದು ಬುಟ್ಟಿಯಲ್ಲಿ ಕೂರಿಸಿ ತನ್ನನ್ನು ಇಳಿಸಿದರು, ತಪ್ಪಿಸಿಕೊಂಡೆ ಎಂಬುದು. ಮಮ್ಮಟನ ಕಾವ್ಯಪ್ರಕಾಶವನ್ನು ಓದಿದವನು ಇಲ್ಲಿ ತಟ್ಟನೆ ಎರಡು ವಾಕ್ಯದೋಷಗಳನ್ನು ಹಿಡಿಯುವನು. ಮುಗಿದುದನ್ನು ಮತ್ತೆ ಎತ್ತಿಕೊಂಡದ್ದರಿಂದ ಸಮಾಪ್ತಪುನರಾತ್ತ. ಮೇಲೇರಿದ ಬಂಧವು ಕೆಳಕ್ಕೆ ಜಾರಿದ್ದರಿಂದ ಪತತ್ಪ್ರಕರ್ಷ. ಸಾವಿನ ಬಾಯಿಯವರೆಗೆ ಹೋಗಿಬಂದವನು ಕಡೆಯಲ್ಲಿ ಹೇಳುವುದು ಮೀನಿನಂತೆ ಬುಟ್ಟಿಯಲ್ಲಿ ಇಳಿದ ಕಥೆಯನ್ನೇ? ಹಲವು ವ್ಯಾಖ್ಯಾತೃಗಳು ಈ ಎರಡು ವಾಕ್ಯಗಳು ಸ್ಥಾನ ತಪ್ಪಿ ಬಂದುವೆಂದೋ, ಆಮೇಲೆ ಯಾರೋ ಸೇರಿಸಿದರೆಂದೋ ಭಾವಿಸಿದ್ದು ಇದರಿಂದಲೇ.

ದೋಷವು ವಕ್ತೃ ಬೋದ್ಧವ್ಯ ಪ್ರಕರಣಗಳ ಔಚಿತ್ಯದಿಂದ ಗುಣವಾಗಬಹುದೆಂಬುದೂ ಮಮ್ಮಟನ ಮಾತೇ. ಕೆಲವು ವಿದ್ವಾಂಸರು ಎತ್ತಿ ತೋರಿಸಿರುವ ರೋಮನ್ ಪದ್ಧತಿಯೊಂದನ್ನು ಇಲ್ಲಿ ನೆನೆಯಬೇಕು. ಶತ್ರುವಿನ ಕೋಟೆಗೆ ಲಗ್ಗೆ ಹತ್ತುವಾಗ ಗೋಡೆಯ ಮೇಲೆ ಮೊದಲು ಕಾಲಿಟ್ಟ ಯೋಧನಿಗೆ ಕೋಟೆಯ ತೆನೆಗಳ ಆಕಾರದ ಒಂದು ಚಿನ್ನದ ಕಿರೀಟವನ್ನು ಕೊಡುತ್ತಿದ್ದರು. ಸೈನಿಕನ ಗೌರವಗಳಲ್ಲಿ ಅದು ತೀರ ಹಿರಿದಾದುವುಗಳಲ್ಲಿ ಒಂದು. ಅದನ್ನು ಪಡೆಯುವವನು, ತಾನೇ ಮೊದಲು ಹತ್ತಿದವನೆಂದು ಆಣೆಯಿಡಬೇಕಾಗಿತ್ತು. ರೋಮನ್ ವಸಾಹತಾದ ಕೊರಿಂಥದವರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಪೌಲನೂ ಆಣೆಯಿಟ್ಟಿದ್ದಾನೆ, ಅವನ ಕಥೆಯಲ್ಲಿಯೂ ಕೋಟೆಯ ಗೋಡೆಯಿದೆ. ಆದರೆ ಅವನು ಗೋಡೆಯನ್ನು ಮೊದಲು ಹತ್ತಿದವನಲ್ಲ, ಇರುಳಿನಲ್ಲಿ ಮೊದಲು ಇಳಿದು ಓಡಿದವನು. ಬಂಧವು ಕೆಳಕ್ಕೆ ಜಾರಿದ್ದು ನಿಜ. ಜಾರಿದ್ದು ಅರ್ಥವೂ ಕೆಳಕ್ಕಿಳಿಯುವ ಬುಟ್ಟಿಯೇ ಆದುದರಿಂದ. ಪ್ರಕರ್ಷದ ಪತನವೇ ಇಲ್ಲಿ ವಿವಕ್ಷಿತ. ಸಾಕ್ಷಾತ್ ಯುದ್ಧವೀರದ ಸಾಮಗ್ರಿಯನ್ನು ತಂದು ಅದನ್ನು ತಲೆಕೆಳಗು ಮಾಡಿ ಇಟ್ಟ ಈ ಎರಡು ವಾಕ್ಯಗಳನ್ನು ಕಿತ್ತುಹಾಕಿದರೆ ಉಳಿದ ಪಟ್ಟಿಯೆಲ್ಲ ನಿಜವಾಗಿಯೂ ವಿಕತ್ಥನವಾಗಿಬಿಡುವುದು. ಏಟುಗಳನ್ನು ಹೆಮ್ಮೆಯಿಂದ ಎಣಿಸುವ ವೀರರು ಲೋಕದಲ್ಲಿ ಉಂಟು. ಬೆನ್ನ ಮೇಲಿನ ಗಾಯವನ್ನೂ ಪದಕದಂತೆ ತೋರಿಸಬಹುದು. ಬುಟ್ಟಿಯನ್ನು ಪದಕ ಮಾಡಲಾಗುವುದಿಲ್ಲ.

12ನೆಯ ಅಧ್ಯಾಯದಲ್ಲಿ ಇದೇ ಕ್ರಮ ಇನ್ನೊಮ್ಮೆ ನಡೆಯುವುದು, ಈ ಸಲ ಪರಲೋಕದ ವಿಷಯದಲ್ಲಿ. ಹದಿನಾಲ್ಕು ವರ್ಷಗಳ ಹಿಂದೆ ಮೂರನೆಯ ಆಕಾಶದವರೆಗೆ ಒಯ್ಯಲ್ಪಟ್ಟ ಒಬ್ಬ ಮನುಷ್ಯನನ್ನು ಬಲ್ಲೆನೆಂದು, ತನ್ನನ್ನೇ ಪ್ರಥಮಪುರುಷದಲ್ಲಿಟ್ಟು ಹೇಳುತ್ತಾನೆ. ಅಲ್ಲಿ ಕೇಳಿದ್ದನ್ನು ಹೇಳಲಾಗದೆಂದು ಅಷ್ಟಕ್ಕೇ ನಿಲ್ಲಿಸುತ್ತಾನೆ. ದರ್ಶನದ ವರ್ಣನೆಗೆ ಬಾಯಿ ತೆರೆದು ಕುಳಿತ ಶ್ರೋತೃವಿಗೆ ದೊರೆಯುವುದು ಮೌನ. ಅದರ ಹಿಂದೆಯೇ ಶರೀರದಲ್ಲಿ ನಾಟಿದ ಶೂಲದ ಮಾತು. ಸ್ಕೊಲೊಪ್ಸ್ ಎಂಬ ಗ್ರೀಕ್ ಪದಕ್ಕೆ ಮುಳ್ಳು ಎಂದೂ ಚೂಪಾದ ಗೂಟವೆಂದೂ ಅರ್ಥವಾಗುವುದು. ಇಂಗ್ಲಿಷಿನವರು ಮುಳ್ಳನ್ನು ಆರಿಸಿಕೊಂಡರು. ಕನ್ನಡದ ಸತ್ಯವೇದವು ಶೂಲವನ್ನು ಆರಿಸಿಕೊಂಡಿದೆ. ಕಾಲಿಗೆ ಚುಚ್ಚಿದ ಮುಳ್ಳನ್ನು ಕೀಳಿಸೆಂದು ಯಾರೂ ದೇವರನ್ನು ಮೂರು ಸಲ ಬೇಡರು. ಆದುದರಿಂದ ಕನ್ನಡದ ಆಯ್ಕೆಯೇ ಪ್ರಕರಣಕ್ಕೆ ಹೆಚ್ಚು ಹೊಂದುವುದು. ಅದು ರೋಗವೋ ಶತ್ರುವೋ ಮನೋವ್ಯಥೆಯೋ ಎಂಬುದರ ಮೇಲೆ ಬರೆದಿರುವ ಗ್ರಂಥರಾಶಿಯು ಅಪಾರ; ಪತ್ರಿಕೆಯ ರಸಕ್ಕೆ ಅದರಿಂದ ಏನೂ ಸೇರದು, ಏನೂ ಕಳೆಯದು.

ರಸಕ್ಕೆ ಸೇರುವ ಅಂಶವೆಂದರೆ ಮೂರು ಸಲದ ಬೇಡಿಕೆಗೂ ದೊರೆತ ಉತ್ತರವು ನಿರಾಕರಣೆ ಎಂಬುದು. ಭಾರತೀಯ ಕಾವ್ಯಗಳಲ್ಲಿ ವ್ರತವನ್ನು ಬಿಡದ ನಾಯಕನಿಗೆ ಕಡೆಯಲ್ಲಿ ದೈವವು ಪ್ರತ್ಯಕ್ಷವಾಗುವುದು ವಾಡಿಕೆ. ನಾಗಾನಂದದಲ್ಲಿ ಗೌರಿಯು ಜೀಮೂತವಾಹನನನ್ನು ಬದುಕಿಸುತ್ತಾಳೆ. ರಾಘವಾಂಕನ ಹರಿಶ್ಚಂದ್ರನು ಸುಡುಗಾಡಿನಲ್ಲಿ ಕತ್ತಿಯೆತ್ತಿದಾಗ ಕಾಶಿಯ ವಿಶ್ವೇಶ್ವರನು ಮೈದೋರಿ ಮಗನನ್ನೂ ರಾಜ್ಯವನ್ನೂ ಹಿಂದಿರುಗಿಸುತ್ತಾನೆ. ಶ್ರೋತೃಗಳು ಕಣ್ಣೊರಸಿಕೊಂಡು ನಿಟ್ಟುಸಿರಿಡುತ್ತಾರೆ. ಪೌಲನಿಗೆ ದೊರೆತದ್ದು ಶೂಲವು ಇದ್ದಲ್ಲಿಯೇ ಇರಲಿ, ಕೃಪೆ ಸಾಕು ಎಂಬ ಅಭಿಪ್ರಾಯದ ಮಾತು ಮಾತ್ರ. ನಿರ್ವಹಣಸಂಧಿಯಿಲ್ಲದ ನಾಟಕದಂತೆ ಇದು. ಹರಿಶ್ಚಂದ್ರನ ಕಥೆಯನ್ನು ಕವಿಯು ಹೇಳಿದನು, ಕಥೆ ಮುಗಿದ ಮೇಲೆ ಹೇಳಿದನು. ಪೌಲನು ತನ್ನ ಕಥೆಯನ್ನು ತಾನೇ, ಅದರ ನಡುವೆ ನಿಂತು, ಮುಕ್ತಾಯವು ತಿಳಿಯದೆ ಹೇಳುತ್ತಿದ್ದಾನೆ. ಈ ಭೇದವನ್ನು ಬಿಟ್ಟು ಎರಡನ್ನೂ ಸತ್ಯನಿಷ್ಠೆಯ ಕಥೆಗಳೆಂದು ಒಂದೇ ತಕ್ಕಡಿಯಲ್ಲಿ ತೂಗುವ ಪಾಠಕ್ರಮವು ಎರಡಕ್ಕೂ ಅನ್ಯಾಯ ಮಾಡುವುದು.

ಇದುವರೆಗೆ ನೋಡಿದ್ದು ಪತ್ರಿಕೆಯ ಉತ್ತರಾರ್ಧ. ಆದರೆ ಅದರ ಕೀಲಿಕೈ ಪೂರ್ವಾರ್ಧದಲ್ಲಿದೆ. ಮೊದಲನೆಯ ಅಧ್ಯಾಯದಲ್ಲಿಯೇ ಪೌಲನು, ಆಸ್ಯ ಸೀಮೆಯಲ್ಲಿ ತನಗೊದಗಿದ ಸಂಕಟವು ಶಕ್ತಿಮೀರಿದ ಹೊರೆಯಾಯಿತೆಂದೂ, ಬದುಕಿನ ಆಸೆಯೇ ಬಿಟ್ಟುಹೋಯಿತೆಂದೂ ತಿಳಿಸುತ್ತಾನೆ. ನಾಲ್ಕನೆಯ ಅಧ್ಯಾಯದಲ್ಲಿ, ಮಣ್ಣಿನ ಘಟದಲ್ಲಿ ನಿಧಿಯನ್ನಿಟ್ಟ ಪ್ರಸಿದ್ಧವಾದ ರೂಪಕದ ಬೆನ್ನಿಗೇ, ನಾಲ್ಕು ಜೋಡಿ ಪದಗಳು ಬರುವುವು: ಪ್ರತಿ ಜೋಡಿಯಲ್ಲಿಯೂ ಮೊದಲನೆಯದು ಒದಗಿದ ಕಷ್ಟ, ಎರಡನೆಯದು ಆ ಕಷ್ಟವು ಮುಟ್ಟಲಾರದೆ ಹೋದ ಎಲ್ಲೆ. ಎರಡನೆಯ ಜೋಡಿಯಲ್ಲಿ ಒಂದು ಶಬ್ದಚಮತ್ಕಾರವಿದೆ. ಅಪೊರೂಮೆನೊಯ್ ಎಂದರೆ ದಿಕ್ಕು ತೋರದವರು. ಎಕ್ಸಪೊರೂಮೆನೊಯ್ ಎಂದರೆ ಪೂರ್ತಿಯಾಗಿ ದಿಕ್ಕುಗೆಟ್ಟವರು. ಒಂದು ಉಪಸರ್ಗದಿಂದ ಧಾತುವು ತೀವ್ರವಾಗಿದೆ. ಮೊದಲನೆಯದು ಹೌದು, ಎರಡನೆಯದು ಅಲ್ಲ ಎನ್ನುತ್ತಾನೆ. ಭಾಷಾಂತರದಲ್ಲಿ ಈ ಯಮಕಪ್ರಾಯವಾದ ಸೊಗಸು ಉಳಿಯುವುದು ಕಷ್ಟ. ಅದಕ್ಕಿಂತ ಮುಖ್ಯವಾದುದು ಬೇರೆ. ನಾಲ್ಕನೆಯ ಅಧ್ಯಾಯದಲ್ಲಿ ಅಲ್ಲಗಳೆದ ಕ್ರಿಯಾಪದವೇ ಮೊದಲನೆಯ ಅಧ್ಯಾಯದಲ್ಲಿ ಅವನು ಒಪ್ಪಿಕೊಂಡ ಕ್ರಿಯಾಪದ. ಹೊಸ ಒಡಂಬಡಿಕೆಯಲ್ಲೆಲ್ಲ ಈ ಪದವು ಬರುವುದು ಈ ಎರಡೇ ಕಡೆ.

ಪೂರ್ವಾಪರವಿರೋಧವೆಂದು ಇದನ್ನು ತಳ್ಳಿಹಾಕಬಹುದೇ? ಪತ್ರಿಕೆಯನ್ನು ಆತುರದಿಂದ ಹೇಳಿ ಬರೆಯಿಸಿದನು, ಮರೆತನು ಎನ್ನಬಹುದೇ? ಇಷ್ಟು ಅಪರೂಪದ ಪದವು ಆಕಸ್ಮಿಕವಾಗಿ ಎರಡು ಸಲ ಬಾಯಿಗೆ ಬರುವುದು ಸಂಭವನೀಯವಲ್ಲ. ಎರಡೂ ನಿಜವೆಂದು ಇಟ್ಟುಕೊಂಡರೆ ಮಾತ್ರ ಅರ್ಥ ಕೂಡುವುದು. ಮೊದಲನೆಯದರಲ್ಲಿ ಒಂದು ದಿನದ ಸ್ಥಿತಿಯಿದೆ. ನಾಲ್ಕನೆಯದರಲ್ಲಿ ಸೇವೆಯ ಸ್ಥಿತಿಯಿದೆ. ಮನುಷ್ಯನು ದಿಕ್ಕುಗೆಟ್ಟನು, ಅವನಿಗೆ ವಹಿಸಿದ ಕೆಲಸವು ದಿಕ್ಕುಗೆಡಲಿಲ್ಲ. ಘಟವು ಬಿರುಕುಬಿಟ್ಟಿತು, ನಿಧಿ ಸೋರಲಿಲ್ಲ. ಉಪದೇಶಕನ ನಿಷ್ಠೆಯೆಂದರೆ ಎಂದೂ ಅಲುಗದ ಚಿತ್ತವೆಂಬ ಸಾಮಾನ್ಯವಾದ ಗ್ರಹಿಕೆಯನ್ನು ಈ ಪತ್ರಿಕೆಯು ಒಪ್ಪುವುದಿಲ್ಲ. ಅಲುಗಿದ ಚಿತ್ತವನ್ನು ಶಿಷ್ಯರಿಗೆ ತೋರಿಸಿಯೂ ಕೆಲಸಕ್ಕೆ ಮರಳುವುದನ್ನೇ ಅದು ನಿಷ್ಠೆಯೆನ್ನುವುದು.

ಇದಕ್ಕೆ ಪೋಷಕವಾಗಿ ಪತ್ರಿಕೆಯ ಬಂಧದಲ್ಲಿಯೇ ಒಂದು ವಿಚಿತ್ರವಿದೆ. ಎರಡನೆಯ ಅಧ್ಯಾಯದಲ್ಲಿ ಪೌಲನು ತ್ರೋವ ಎಂಬ ರೇವಿಗೆ ಬಂದುದನ್ನು ಹೇಳುತ್ತಾನೆ. ಅಲ್ಲಿ ಸುವಾರ್ತೆಗೆ ಬಾಗಿಲು ತೆರೆದಿತ್ತು, ಕೇಳುವವರು ಸಿದ್ಧರಿದ್ದರು. ಆದರೆ ಕೊರಿಂಥಕ್ಕೆ ಕಳುಹಿಸಿದ್ದ ತೀತನು ಅಲ್ಲಿ ಸಿಕ್ಕಲಿಲ್ಲವಾಗಿ ಮನಸ್ಸಿಗೆ ನೆಮ್ಮದಿಯಿಲ್ಲದೆ, ತೆರೆದ ಬಾಗಿಲನ್ನು ಬಿಟ್ಟು ಮಕೆದೋನ್ಯಕ್ಕೆ ಹೊರಟುಬಿಟ್ಟನು. ಅಪೊಸ್ತಲನೆನಿಸಿದವನು ಉಪದೇಶದ ಅವಕಾಶವನ್ನು ಬಿಟ್ಟು ಒಬ್ಬ ಗೆಳೆಯನ ಸುದ್ದಿಗಾಗಿ ಹೊರಟದ್ದು ನಾಚಿಕೆಯ ಸಂಗತಿಯೆಂದು ಯಾವ ಚರಿತ್ರಕಾರನೂ ಮುಚ್ಚುತ್ತಿದ್ದನು. ಇಲ್ಲಿ ಅವನೇ ಬಿಚ್ಚಿ ಹೇಳಿದ್ದಾನೆ. ಭರತನು ವಿಷಾದವೆಂಬ ವ್ಯಭಿಚಾರಿಭಾವದ ಅನುಭಾವಗಳನ್ನು ಪಾತ್ರಭೇದದಿಂದ ಬೇರ್ಪಡಿಸಿರುವುದು ಇಲ್ಲಿ ನೆನಪಿಗೆ ಬರುವುದು: ಅಧಮನು ವಿಷಾದದಲ್ಲಿ ನಿದ್ರಿಸುವನು, ನಿಟ್ಟುಸಿರಿಡುವನು, ಉತ್ತಮ ಮಧ್ಯಮರು ಸಹಾಯವನ್ನು ಅರಸುವರು, ಉಪಾಯವನ್ನು ಚಿಂತಿಸುವರು. ತೀತನನ್ನು ಹುಡುಕಿ ಕಡಲು ದಾಟಿದ್ದು ಸಾಕ್ಷಾತ್ ಸಹಾಯಾನ್ವೇಷಣ. ನಾಟ್ಯಶಾಸ್ತ್ರವನ್ನು ಕೇಳಿಯೂ ಅರಿಯದವನ ಬರೆಹದಲ್ಲಿ ಶಾಸ್ತ್ರದ ಲಕ್ಷಣವು ಹೀಗೆ ಚಾಚೂ ತಪ್ಪದೆ ಕಾಣುವುದು ಲೋಕಸ್ವಭಾವವನ್ನು ಭರತನು ಎಷ್ಟು ನಿಟ್ಟಿಸಿ ನೋಡಿದ್ದನೆಂಬುದಕ್ಕೆ ಸಾಕ್ಷಿ.

ವಿಚಿತ್ರವೆಂದದ್ದು ಮುಂದಿನದು. ಮಕೆದೋನ್ಯಕ್ಕೆ ಹೊರಟೆನೆಂದು ಹೇಳಿದವನು ತೀತನು ಸಿಕ್ಕಿದನೋ ಇಲ್ಲವೋ ಎಂಬುದನ್ನು ಹೇಳದೆ, ಥಟ್ಟನೆ ಕಥೆಯನ್ನು ಕಡಿದು, ತನ್ನನ್ನು ಜಯೋತ್ಸವದ ಮೆರವಣಿಗೆಯಲ್ಲಿ ನಡೆಯಿಸುವ ದೇವರಿಗೆ ಸ್ತೋತ್ರ ಸಲ್ಲಿಸುತ್ತಾನೆ. ಅಲ್ಲಿಂದ ಮುಂದೆ ಹೃದಯದ ಮೇಲೆ ಬರೆದ ಓಲೆ, ಮಣ್ಣಿನ ಘಟ, ಗುಡಾರದಂಥ ದೇಹ, ರಾಜಿಮಾಡಿಕೊಳ್ಳಿರೆಂದು ಬೇಡುವ ರಾಯಭಾರಿ ಎಂದು ಸೇವೆಯ ತತ್ತ್ವವು ನಾಲ್ಕು ಅಧ್ಯಾಯಗಳಷ್ಟು ಹರಿಯುವುದು. ಏಳನೆಯ ಅಧ್ಯಾಯದ ನಡುವೆ ಕಥೆಯು ಬಿಟ್ಟಲ್ಲಿಂದ ಮತ್ತೆ ಹಿಡಿಯಲ್ಪಟ್ಟು, ತೀತನು ಒಳ್ಳೆಯ ಸುದ್ದಿಯೊಡನೆ ಬಂದದ್ದು ತಿಳಿಯುವುದು. ಬೇರೆ ಬೇರೆ ಓಲೆಗಳನ್ನು ಹೊಲಿದದ್ದೆಂಬ ಮತಕ್ಕೆ ಇದೂ ಒಂದು ಆಧಾರವೆನಿಸಿದೆ. ಆದರೆ ಹೀಗೂ ನೋಡಬಹುದು: ಪತ್ರಿಕೆಯಲ್ಲಿ ಸೇವೆಯನ್ನು ಕುರಿತ ಅತ್ಯುನ್ನತವಾದ ಮಾತುಗಳೆಲ್ಲವೂ, ಕೇಳುವವನ ಪಾಲಿಗೆ, ತೀತನ ಸುದ್ದಿ ತಿಳಿಯದಿರುವ ಅವಧಿಯೊಳಗೇ ಇವೆ. ಆ ಮೆರವಣಿಗೆಯ ರೂಪಕವೂ ಸಾಮಾನ್ಯವಲ್ಲ. ರೋಮನ್ ಜಯೋತ್ಸವದಲ್ಲಿ ಹೀಗೆ ನಡೆಯಿಸಲ್ಪಡುವವರು ಸೋತು ಸೆರೆಸಿಕ್ಕವರು; ಅವರಲ್ಲಿ ಅನೇಕರ ನಡಿಗೆ ಮರಣದ ಕಡೆಗೆ. ಪೌಲನು ತನ್ನನ್ನು ರಥದ ಮೇಲೆ ಕೂರಿಸಿಕೊಂಡಿಲ್ಲ, ರಥದ ಮುಂದೆ ನಡೆಯುವವರ ಸಾಲಿನಲ್ಲಿ ಇಟ್ಟಿದ್ದಾನೆಂಬುದೇ ಆ ಕ್ರಿಯಾಪದದ ಪ್ರಯೋಗಕ್ಕೆ ಹೊಂದುವ ಅರ್ಥ. ಪರಿಮಳದ ಮಾತು ಬರುವುದೂ ಆ ಮೆರವಣಿಗೆಯ ಧೂಪದಿಂದ: ಅದೇ ಕಂಪು ಗೆದ್ದವನಿಗೆ ಬಾಳು, ಸೋತವನಿಗೆ ಸಾವು.

ಇನ್ನು ರಸನಿರ್ಣಯ. ಭರತನು ದಾನ, ಧರ್ಮ, ಯುದ್ಧಗಳ ಭೇದದಿಂದ ವೀರವನ್ನು ಮೂರಾಗಿ ಹೇಳಿದನು. ಧನಂಜಯನು ಧರ್ಮದ ಸ್ಥಾನದಲ್ಲಿ ದಯೆಯನ್ನಿಟ್ಟನು. ವಿಶ್ವನಾಥನು ನಾಲ್ಕನ್ನೂ ಒಪ್ಪಿದನು. ಪಂಡಿತರಾಜ ಜಗನ್ನಾಥನು, ಉತ್ಸಾಹಕ್ಕೆ ವಿಷಯಗಳು ಎಷ್ಟೋ ಅಷ್ಟು ವೀರಗಳೂ ಆಗಬಹುದೆಂದು ಸತ್ಯವೀರ ಕ್ಷಮಾವೀರಾದಿಗಳಿಗೆ ಬಾಗಿಲು ತೆರೆದನು. ಆದುದರಿಂದ ಪೌಲನನ್ನು ಧರ್ಮವೀರನೆನ್ನಲು ಶಾಸ್ತ್ರದ ಅಡ್ಡಿಯಿಲ್ಲ. ಆದರೆ ಪ್ರಬಲವಾದ ಪೂರ್ವಪಕ್ಷವೊಂದಿದೆ. ದೌರ್ಬಲ್ಯವನ್ನೇ ಒಪ್ಪಿ ತೃಪ್ತನಾದವನಲ್ಲಿ ಇರುವುದು ಶಾಂತವಲ್ಲವೇ? ಆನಂದವರ್ಧನನು ಇವೆರಡರ ನಡುವೆ ಎಳೆದ ಗೆರೆ ಸ್ಪಷ್ಟವಾಗಿದೆ: ವೀರವು ಅಭಿಮಾನಮಯ, ಶಾಂತವು ಅಹಂಕಾರದ ಉಪಶಮ, ದಯಾವೀರಾದಿಗಳಲ್ಲಿ ಅಹಂಕಾರವು ಎಲ್ಲ ಬಗೆಯಿಂದಲೂ ಇಲ್ಲವಾದರೆ ಅವು ಶಾಂತದ ಪ್ರಭೇದಗಳೇ. ಈ ಗೆರೆಯ ಮೇಲಿಟ್ಟು ನೋಡಿದರೆ ಪೌಲನು ಶಾಂತದ ಕಡೆಗೆ ಬೀಳುವುದಿಲ್ಲ. ಕೊರಿಂಥದವರಿಂದ ಹಣ ಮುಟ್ಟಲಿಲ್ಲವೆಂಬ ತನ್ನ ಹೆಗ್ಗಳಿಕೆಯನ್ನು ಅಖಾಯದ ಸೀಮೆಯಲ್ಲಿ ಯಾರೂ ತನ್ನಿಂದ ಕಿತ್ತುಕೊಳ್ಳಲಾರರೆಂದು ಅವನು ಗುಡುಗುತ್ತಾನೆ. ನಿಮಗೆ ಭಾರವಾಗದಿದ್ದ ಅನ್ಯಾಯವನ್ನು ಕ್ಷಮಿಸಿರೆಂದು ಅಣಕಿಸುತ್ತಾನೆ. ಇದು ಅಹಂಕಾರ ಸತ್ತವನ ಧ್ವನಿಯಲ್ಲ. ಗರ್ವ ಜೀವಂತವಾಗಿದೆ, ಅದರ ಆಲಂಬನ ಮಾತ್ರ ಬದಲಾಗಿದೆ. ಬಲವನ್ನು ಬಿಟ್ಟು ಬಲಹೀನತೆಯನ್ನು ಆತುಕೊಂಡ ಗರ್ವವೆಂಬ ಈ ಭಾವಕ್ಕೆ ಆಲಂಕಾರಿಕರು ಉದಾಹರಣೆ ಕೊಟ್ಟಿಲ್ಲ. ಅವರ ಮುಂದೆ ಅಂಥ ಲಕ್ಷ್ಯವಿರಲಿಲ್ಲ. ಉತ್ಸಾಹವು ಸ್ಥಾಯಿ, ವಿಷಾದ ದೈನ್ಯ ಚಿಂತೆಗಳು ಮುಚ್ಚಿಡಲ್ಪಡದೆ ಸಂಚಾರಿಗಳು, ಧೃತಿಯು ಅವನ್ನೆಲ್ಲ ಹಿಡಿದಿಡುವ ಭಾವ. ಧರ್ಮವೀರವೆಂಬ ನಿರ್ಣಯವೇ ಸಾಧು.

ಹಾಗೆಂದು ಈ ಪತ್ರಿಕೆಯು ಸರ್ವಥಾ ನಿರ್ದೋಷವೆಂದಲ್ಲ. ಎಂಟು ಒಂಬತ್ತನೆಯ ಅಧ್ಯಾಯಗಳು ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವುದನ್ನು ಹೇಳುವುವು. ಅವುಗಳಿಂದ ಹತ್ತನೆಯದಕ್ಕೆ ದಾಟುವಲ್ಲಿ ಸ್ವರವು ಇದ್ದಕ್ಕಿದ್ದಂತೆ ಗಡುಸಾಗುವುದು. ಇವು ಬೇರೆ ಬೇರೆ ಕಾಲದಲ್ಲಿ ಬರೆದ ಓಲೆಗಳೆಂದು 1776ರಲ್ಲಿ ಜರ್ಮನ್ ಪಂಡಿತನಾದ ಸೆಮ್ಲರನು ವಾದಿಸಿದನು. ಚರ್ಚೆ ಇನ್ನೂ ಮುಗಿದಿಲ್ಲ. ಪ್ರಬಂಧದ ಏಕತೆಯನ್ನು ಎಷ್ಟೇ ಸಮರ್ಥಿಸಿದರೂ ಆ ಹೊಲಿಗೆ ಕಣ್ಣಿಗೆ ಬೀಳುವುದು. ಇದಕ್ಕಿಂತ ದೊಡ್ಡ ದೋಷವು ಹನ್ನೊಂದನೆಯ ಅಧ್ಯಾಯದಲ್ಲಿ ಎದುರಾಳಿಗಳನ್ನು ಸೈತಾನನ ಸೇವಕರೆಂದು ಕರೆದದ್ದು. ಅಲ್ಲಿ ವೀರವು ಗೆರೆ ದಾಟಿ ರೌದ್ರಕ್ಕೆ ಹೋಗಿದೆ. ಆ ಉಪದೇಶಕರು ಬರೆದದ್ದು ಒಂದಕ್ಷರವೂ ಉಳಿದಿಲ್ಲ. ಅವರನ್ನು ಲೋಕವು ಬಲ್ಲುದು ಪೌಲನ ಬಾಯಿಂದಲೇ. ಪ್ರತಿವಾದಿಯಿಲ್ಲದ ವ್ಯವಹಾರದಲ್ಲಿ ವಾದಿಯ ಬಿರುನುಡಿಯನ್ನು ಪೂ ರ್ಣವಾಗಿ ಪ್ರಮಾಣವೆಂದು ಹಿಡಿಯುವುದು ವಿಮರ್ಶಕನ ಧರ್ಮವಲ್ಲ.

ಕನ್ನಡದ ಓದುಗರಿಗೆ ಇಲ್ಲಿ ಇನ್ನೊಂದು ತೊಡಕು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು ಆರಂಭಿಸಿ, ಬಳಿಕ ಮಂಗಳೂರಿನ ಬಾಸೆಲ್ ಮಿಷನ್ನಿನವರೂ ಕೈಹಾಕಿ ತಿದ್ದಿದ ಸತ್ಯವೇದದ ಭಾಷಾಂತರಪರಂಪರೆಯಲ್ಲಿ ಈ ಕೌಖಾಒಮಾಯ್ ಎಂಬುದಕ್ಕೆ ಹೊಗಳಿಕೊಳ್ಳು ಎಂದೂ ಹೆಚ್ಚಳಪಡು ಎಂದೂ ಎರಡು ಮಾತುಗಳು ರೂಢಿಗೆ ಬಂದಿವೆ. ಮೊದಲನೆಯದರಲ್ಲಿ ನಿಂದೆಯ ಛಾಯೆಯಿದೆ, ಎರಡನೆಯದರಲ್ಲಿ ಸಂತೋಷದ್ದು. ಎಲ್ಲಿ ಯಾವುದನ್ನು ಹಾಕಬೇಕೆಂಬುದನ್ನು ಭಾಷಾಂತರಕಾರರು ಪ್ರಕರಣ ನೋಡಿ ನಿರ್ಣಯಿಸಬೇಕಾಯಿತು. ಮೂಲದಲ್ಲಿ ಶಬ್ದವು ಒಂದೇ ಆದುದರಿಂದ, ಎದುರಾಳಿಗಳು ಮಾಡುವ ಕೆಲಸವೂ ಪೌಲನು ಮಾಡುವ ಕೆಲಸವೂ ಹೆಸರಿನಲ್ಲಿ ಅಭಿನ್ನ. ವಿಷಯದಲ್ಲಿ ಮಾತ್ರ ಭಿನ್ನ. ಕನ್ನಡದಲ್ಲಿ ಹೆಸರೇ ಎರಡಾದುದರಿಂದ ಪೌಲನು ಅಪವಾದದಿಂದ ಸ್ವಲ್ಪ ಬೇಗ ಪಾರಾಗಿಬಿಡುತ್ತಾನೆ, ವಿದೂಷಕನ ಟೊಪ್ಪಿಗೆಯೂ ಸ್ವಲ್ಪ ಸಡಿಲವಾಗುತ್ತದೆ. ಪಾಠ ಹೇಳುವವರು ಈ ಎರಡು ಮಾತುಗಳ ಹಿಂದಿನ ಒಂದೇ ಶಬ್ದವನ್ನು ತೋರಿಸಿಕೊಡದಿದ್ದರೆ ವಿದ್ಯಾರ್ಥಿಗೆ ಪ್ರಕರಣದ ಅಪಾಯವೇ ತಿಳಿಯದು. ಮುಂದಿನ ಕಾಲದ ಅನೇಕ ಉಪದೇಶಕರ ಚರಿತ್ರೆಗಳಲ್ಲಿ ಕಷ್ಟಗಳ ಪಟ್ಟಿಯನ್ನು ಈ ಅಧ್ಯಾಯದಿಂದ ಎತ್ತಿಕೊಂಡು, ಬುಟ್ಟಿಯನ್ನು ಬಿಟ್ಟಿರುವುದು ಕಾಣುವುದು; ಅಂಥ ಗ್ರಂಥಗಳು ಭಕ್ತಿಗೆ ಒದಗಿದರೂ ರಸಕ್ಕೆ ಒದಗುವುದಿಲ್ಲ.

ಪತ್ರಿಕೆಯನ್ನು ಕೇಳಿದ ಕೊರಿಂಥದವರು ಏನು ಮಾಡಿದರೆಂಬುದನ್ನು ನೇರವಾಗಿ ಯಾರೂ ಬರೆದಿಟ್ಟಿಲ್ಲ. ಆದರೆ ಸ್ವಲ್ಪ ಕಾಲದ ಮೇಲೆ ಪೌಲನು ರೋಮಿನವರಿಗೆ ಒಂದು ದೀರ್ಘ ಪತ್ರಿಕೆಯನ್ನು ಬರೆದನು. ಅದನ್ನು ಕೊರಿಂಥದಿಂದಲೇ ಬರೆದನೆಂದು ವಿದ್ವಾಂಸರಲ್ಲಿ ಬಹುಮಂದಿಯ ಮತ. ಅದರ ಕಡೆಯ ಅಧ್ಯಾಯದಲ್ಲಿ ಕೆಂಖ್ರೆಯದ ಸಭೆಯ ಫೊಯಿಬೆ ಎಂಬಾಕೆಯನ್ನು ಬರಮಾಡಿಕೊಳ್ಳಬೇಕೆಂಬ ಕೋರಿಕೆಯೂ, ತನ್ನನ್ನು ಮನೆಯಲ್ಲಿಟ್ಟುಕೊಂಡು ಉಪಚರಿಸುತ್ತಿದ್ದ ಗಾಯನ ವಂದನೆಯೂ ಇವೆ. ಯೆರೂಸಲೇಮಿನ ಬಡವರಿಗಾಗಿ ಮಕೆದೋನ್ಯದವರೊಡನೆ ಅಖಾಯದವರೂ ಸಂತೋಷದಿಂದ ಹಣ ಕೊಟ್ಟರೆಂದು ಅದರಲ್ಲಿಯೇ ಹೇಳಿದೆ. ಅಖಾಯದ ಮುಖ್ಯಪಟ್ಟಣವು ಕೊರಿಂಥ.